ಏರಿ ಒಡೆದ ಜಾಗ

“ಜೀನ್ ಒಂದೇ ಮೇಡಂ. ಒಡೆದಿರೋ ಜಾಗ ಬೇರೆ.”

ಡಾಕ್ಟರ್ ನಂದೀಶ್ ಅಷ್ಟು ಹೇಳಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಕನ್ನಡಕ ಚೊಕ್ಕಟವಾಗಿಯೇ ಇತ್ತು.

ಶ್ರೀವಾಣಿ ಕುರ್ಚಿಯಿಂದ ಎದ್ದಳು. ಕಿಟಕಿಯವರೆಗೆ ಹೋದಳು, ವಾಪಸ್ ಬಂದಳು. ಕೂರಲಿಲ್ಲ.

“ಬೇರೆ ಅಂದ್ರೆ?”

“ಅಮರನಾಥನ ಕಾಯಿಲೆಗೂ ಅವರ ಸೋದರತ್ತೆ ಮುತ್ಯಾಲಮ್ಮನ ಕಾಯಿಲೆಗೂ ಸಂಬಂಧ ಇಲ್ಲ ಅಂದ್ರೆ.”

“ನೀವೇ ಹೇಳಿದ್ರಲ್ಲ ಸಾರ್ ಫೋನಲ್ಲಿ, ಅದೇ ಜೀನ್ ಸಿಕ್ತು ಅಂತ!”

“ಅದೇ ಜೀನ್ ಸಿಕ್ತು, ಆದ್ರೆ... ಅಂದೆ. ನೀವು ‘ಆದ್ರೆ’ ಮುಗಿಯೋ ಮುಂಚೆ ಫೋನ್ ಇಟ್ರಿ.”

ಇಟ್ಟಿದ್ದಳು. ಇಟ್ಟವಳೇ ಲಾಯರಿಗೆ ಹೇಳಿದ್ದಳು, ಅನಿತಳ ಅಪ್ಪ ನರಸಿಂಹಪ್ಪನಿಗೂ ಹೇಳಿದ್ದಳು. ಆತ ಮುಳಬಾಗಿಲಿನ ಅವಳ ಆಫೀಸಿಗೆ ಬಂದು ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಮೈಸೂರು ಪಾಕು ಹಂಚಿ ಹೋಗಿದ್ದ. ಲಾಯರು ಜಾಮೀನು ಅರ್ಜಿಯಲ್ಲಿ ಅದನ್ನೇ ಬರೆದಾಗಿತ್ತು: ‘ಮೃತನ ಸೋದರತ್ತೆಗೂ ಇದೇ ವಂಶಪಾರಂಪರ್ಯ ದೋಷವಿದೆ.’ ಅರ್ಜಿ ಸೋಮವಾರ ನ್ಯಾಯಾಧೀಶರ ಮುಂದೆ ಬರುವುದಿತ್ತು.

ಅನಿತಳ ಗಂಡ ಅಮರನಾಥ ನರಸಾಪುರದ ಕಾರ್ಖಾನೆಗೆ ಹೊರಟವನು ಶ್ರೀನಿವಾಸಪುರದಲ್ಲಿ ಕಂಪನಿ ಬಸ್ಸಿನ ಮೆಟ್ಟಿಲ ಮೇಲೇ ಕುಸಿದು ಸತ್ತಿದ್ದ. ಹೊರಡುವ ಮುಂಚೆ ಕುಡಿದಿದ್ದು ಹೆಂಡತಿ ಕೊಟ್ಟ ರಾಗಿ ಅಂಬಲಿ. ಅದರಲ್ಲಿ ಮಾವಿನ ಮರಕ್ಕೆ ಹೊಡೆಯುವ ಔಷಧಿ ಬೆರೆಸಿದ್ದಾಳೆ ಎಂದು ಅಮರನಾಥನ ತಾಯಿ ಭಾರತಮ್ಮ ದೂರು ಕೊಟ್ಟಳು. ಅನಿತ ಜೈಲು ಸೇರಿದಳು. ವಿಷದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ.

“ಅರ್ಥ ಆಗೋ ಹಾಗೆ ಹೇಳಿ ಸಾರ್. ನೀವೇ ತಾನೆ ಅಂದಿದ್ದು, ಒಂದೇ ಜೀನಿಂದ ಬೇರೆ ಬೇರೆ ಕಾಯಿಲೆ ಬರುತ್ತೆ ಅಂತ? ಅಳಿಯನಿಗೆ ಹೃದಯ, ಅತ್ತೆಗೆ ಸಕ್ಕರೆ ಕಾಯಿಲೆ. ನಾನು ಅದನ್ನೇ ನಂಬ್ಕೊಂಡೆ.”

“ಅರ್ಧ ನಂಬಿದ್ರಿ.” ನಂದೀಶ್ ಕನ್ನಡಕ ಹಾಕಿಕೊಂಡ. “ಲ್ಯಾಮಿನ್ ಅಂತ ಈ ಜೀನಿನ ಹೆಸರು. ಮೈಯ ಪ್ರತಿ ಜೀವಕೋಶದ ಒಳಗೂ ಒಂದು ಪುಟ್ಟ ಕೋಣೆ ಇರುತ್ತೆ, ಆ ಕೋಣೆಗೆ ಒಳಗೋಡೆ ಕಟ್ಟೋದು ಇದರ ಕೆಲಸ. ನೀವು ಮುಳಬಾಗಿಲಿನೋರು, ಕೆರೆ ನೋಡಿದ್ದೀರಿ. ಏರಿ ತೂಬಿನ ಹತ್ರ ಒಡೆದ್ರೆ ಏನಾಗುತ್ತೆ?”

“ಗದ್ದೆ ಕೊಚ್ಕೊಂಡು ಹೋಗುತ್ತೆ.”

“ಕೋಡಿ ಕಡೆ ಒಡೆದ್ರೆ?”

“ಊರೊಳಕ್ಕೆ ನೀರು.”

“ಕೆರೆ ಒಂದೇ. ಒಡೆದ ಜಾಗದ ಮೇಲೆ ಯಾರ ಮನೆ ಹಾಳಾಗುತ್ತೆ ಅನ್ನೋದು ತೀರ್ಮಾನ ಆಗುತ್ತೆ. ಈ ಜೀನು ಒಂದು ಕಡೆ ಕೆಟ್ರೆ ಮುತ್ಯಾಲಮ್ಮನ ಥರ. ಕೈಕಾಲಲ್ಲಿ ಕೊಬ್ಬೇ ಇಲ್ಲ, ನರ ಎದ್ದು ಕಾಣುತ್ತೆ, ಕತ್ತು ಮುಖ ತುಂಬ್ಕೊಂಡಿರುತ್ತೆ, ಸಕ್ಕರೆ ಹತೋಟಿಗೆ ಬರಲ್ಲ. ಇನ್ನೊಂದು ಕಡೆ ಕೆಟ್ರೆ ಅಮರನಾಥನ ಥರ. ಮೊಣಕೈ ಪೂರ್ತಿ ಚಾಚೋಕಾಗಲ್ಲ, ಹಿಮ್ಮಡಿ ಬಿಗಿ, ಹೃದಯದ ಬಡಿತ ನಿಧಾನ ಆಗ್ತಾ ಆಗ್ತಾ ಒಂದು ದಿನ ನಿಂತೇಹೋಗುತ್ತೆ. ಮತ್ತೊಂದು ಕಡೆ ಕೆಟ್ರೆ ಹುಟ್ಟಿದ ಮಗು ಹತ್ತು ವರ್ಷಕ್ಕೇ ಮುದಿಯಾಗುತ್ತೆ.”

“ಆದ್ರೆ ಒಂದು ಮನೇಲಿ...”

“ಒಂದು ಮನೇಲಿ ತಲೆಮಾರಿಂದ ತಲೆಮಾರಿಗೆ ಇಳಿಯೋದು ಒಂದೇ ಒಡಕು. ಅದೇ ಜಾಗ. ಬೈರಕೂರಿನ ಮುತ್ಯಾಲಮ್ಮನ ಒಡಕು ಬೇರೆ ಕಡೆ ಇದೆ. ಅಂದ್ರೆ ಅಮರನಾಥನ ಒಡಕು ಅವರಪ್ಪನ ಕಡೆಯಿಂದ ಬಂದಿದ್ದು ಅಂತ ಹೇಳೋಕೆ ನಮ್ಮ ಹತ್ರ ಏನೂ ಇಲ್ಲ.”

ಶ್ರೀವಾಣಿ ಈಗ ಕೂತಳು. “ಬರದಿದ್ರೆ ಬಿಡ್ಲಿ ಸಾರ್. ಅವನ ರಕ್ತದಲ್ಲಿ ದೋಷ ಇದೆ. ಹೃದಯ ನಿಂತು ಸತ್ತ. ಸಾಲದಾ?”

“ಸಾಲಲ್ಲ. ಈ ಜಾಗದ ಒಡಕು ಹೊಸದು, ಇದರಿಂದ ಸಾವು ಬರುತ್ತೆ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತ ಲ್ಯಾಬಿನೋರು ಬರೆದಿದ್ದಾರೆ. ಅದೇ ಒಡಕು, ಅದೇ ಹೃದಯದ ತೊಂದರೆ ಇರೋ ಇನ್ನೊಬ್ಬ ರಕ್ತಸಂಬಂಧಿ ಬೇಕು. ಅಪ್ಪ ಶ್ರೀರಾಮಪ್ಪ ತೀರಿಹೋಗಿದ್ದಾರೆ. ಉಳಿದಿರೋದು ತಾಯಿ.”

“ಭಾರತಮ್ಮ.”

“ದೂರು ಕೊಟ್ಟಿರೋದೂ ಅವರೇ ಅಲ್ವಾ?” ನಂದೀಶ್ ನಕ್ಕ. “ಸೂಜಿ ಹಿಡ್ಕೊಂಡು ನಾನಂತೂ ಹೋಗಲ್ಲಪ್ಪ.”

*

ಕೋಲಾರ ಬಿಟ್ಟ ಮೇಲೆ ಶ್ರೀವಾಣಿಯ ಸ್ಕೂಟರು ಮಾವಿನಕಾಯಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡಿತು. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಹಾರ್ನಿನ ಕಾಟ. ಬೆರಳುಗಳು ಬ್ರೇಕಿನ ಮೇಲೆ ತಾಳ ಹಾಕುತ್ತಿದ್ದವು.

ಅವಳದು ಕೊಲೆ ಪತ್ತೆ ಮಾಡುವ ಕಸುಬಲ್ಲ. ಮದುವೆಗೆ ಮುಂಚೆ ಗಂಡಿನ ಮನೆಯವರು ಹೆಣ್ಣಿನ ಬಗ್ಗೆ, ಹೆಣ್ಣಿನ ಮನೆಯವರು ಗಂಡಿನ ಬಗ್ಗೆ ಗುಟ್ಟಾಗಿ ವಿಚಾರಿಸುತ್ತಾರಲ್ಲ, ಅದನ್ನು ಅವರ ಪರವಾಗಿ ಮಾಡಿಕೊಡುವುದು. ಯಾರಿಗೆ ಕುಡಿತ, ಯಾರಿಗೆ ಮೂರ್ಛೆ, ಯಾರು ಯಾರಿಗೆ ವರಸೆ. ಬಾಗಿಲು ತೆರೆಸುವ ವಿದ್ಯೆ ಅವಳಿಗೆ ಗೊತ್ತಿತ್ತು: ಹೆಂಗಸರ ಹತ್ತಿರ ಮದುವೆ, ಬಸಿರು, ಬಾಣಂತನದ ಮಾತೆತ್ತಿದರೆ ಸಾಕು, ಸತ್ಯ ತಾನೇ ಚಪ್ಪಲಿ ಮೆಟ್ಟಿ ಹೊರಗೆ ಬರುತ್ತದೆ.

ಶ್ರೀನಿವಾಸಪುರದಲ್ಲಿ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ನರಸಿಂಹಪ್ಪನಿಗೆ ಫೋನು ಮಾಡಿದಳು. ಅವನು ಅನಿತಳ ಅಪ್ಪ, ಭಾರತಮ್ಮನ ಸ್ವಂತ ತಮ್ಮ. ಅಕ್ಕನ ಮಗನಿಗೆ ತನ್ನ ಮಗಳನ್ನು ಕೊಟ್ಟವನು. ಈಗ ಅದೇ ಅಕ್ಕ ಅವನ ಮಗಳನ್ನು ಜೈಲಿಗೆ ಹಾಕಿಸಿದ್ದಳು.

“ಏನಮ್ಮಾ, ಸೋಮವಾರ ನನ್ ಮಗಳು ಬರ್ತಾಳಲ್ವಾ? ಇವತ್ತು ನೋಡೋಕೆ ಹೊರಟಿದ್ದೀನಿ, ಕೋಲಾರದ ಬಸ್ಸಲ್ಲಿದ್ದೀನಿ. ಹೇಳ್ಬಿಡ್ಲಾ ಅವಳಿಗೆ?”

“ಇನ್ನೂ ಹೇಳ್ಬೇಡಿ ನರಸಿಂಹಪ್ಪನೋರೇ. ಒಂದು ವಿಷಯ. ಅಮರನಾಥ ಹುಟ್ಟಿದಾಗ ನಿಮ್ಮಕ್ಕನ ಬಾಣಂತನ ನಿಮ್ಮನೇಲೇ ಅಲ್ವಾ ಆಗಿದ್ದು? ಆಗೇನಾದ್ರೂ ತಲೆಸುತ್ತು, ಎದೆನೋವು ಅಂತಿದ್ರಾ?”

“ಎಲ್ಲಿ ಬಂತಮ್ಮಾ ಆ ಭಾಗ್ಯ ನಮಗೆ!” ಬಸ್ಸಿನ ಸದ್ದಿನ ಮೇಲೆ ನರಸಿಂಹಪ್ಪ ಕೂಗಿ ಹೇಳಿದ. “ಭಾವ ಆಗ ಮಾಲೂರಲ್ಲಿ ಹೆಂಚಿನ ಫ್ಯಾಕ್ಟರೀಲಿದ್ರು. ಅಕ್ಕ ಅಲ್ಲೇ ಹೆತ್ತಳು. ನಮ್ಮವ್ವ ಬಾಣಂತಿ ಖಾರ, ತುಪ್ಪ ಎಲ್ಲಾ ಹೊತ್ಕೊಂಡು ಹೋದ್ರೆ, ‘ಬೇಡ, ಎಲ್ಲಾ ಆಯ್ತು’ ಅಂತ ಹಜಾರದಿಂದಾನೇ ವಾಪಸ್ ಕಳಿಸಿದ್ಲು. ಅವ್ವ ಸಾಯೋ ತನಕ ಅದನ್ನೇ ಹೇಳ್ಕೊಂಡು ಅತ್ತಳು.”

ಶ್ರೀವಾಣಿಯ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು.

ಚೊಚ್ಚಲ ಹೆರಿಗೆ. ತವರಿನಲ್ಲಿ ತಾಯಿ ಬದುಕಿದ್ದಾಳೆ, ತಮ್ಮನಿದ್ದಾನೆ, ಮನೆಯಿದೆ. ಈ ಸೀಮೆಯಲ್ಲಿ ಎಂಥ ಜಗಳವಿದ್ದರೂ ಚೊಚ್ಚಲ ಬಸುರಿ ತವರಿಗೇ ಹೋಗುತ್ತಾಳೆ. ಹೋಗಲಾಗದಿದ್ದರೆ ತಾಯಿ ಬರುತ್ತಾಳೆ. ಬಾಣಂತಿಗೆ ನೀರು ಹಾಕಲು ಬಂದ ಹೆತ್ತ ತಾಯಿಯನ್ನು ಹಜಾರದಿಂದ ವಾಪಸ್ ಕಳಿಸುವವಳು ಬಾಣಂತಿಯೇ ಅಲ್ಲದವಳು.

ನೀರು ಹಾಕುವವರ ಕಣ್ಣಿಗೆ ಮೈ ಸುಳ್ಳು ಹೇಳಲಾರದು.

ಟೀ ಕುಡಿಯದೆ ಗಾಡಿ ಹತ್ತಿದಳು.

*

ಗೌನಿಪಲ್ಲಿಯ ತೋಟದಲ್ಲಿ ಮಾವು ಕೀಳುವ ಕೆಲಸ ನಡೆದಿತ್ತು. ಭಾರತಮ್ಮ ದೋಟಿ ಹಿಡಿದು, ಎತ್ತರದ ಕೊಂಬೆಯ ಗೊಂಚಲಿಗೆ ಬಲೆ ಕೊಟ್ಟು ಎಳೆಯುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಎರಡೂ ಕೈ ತಲೆಯ ಮೇಲೆ ನೇರ ಚಾಚಿದ್ದವು. ಮೊಣಕೈ ಕೋಲಿನಷ್ಟೇ ನೆಟ್ಟಗೆ. ಹಿಮ್ಮಡಿ ನೆಲಕ್ಕೆ ಊರಿತ್ತು.

“ಏಮಮ್ಮಾ, ಮಳ್ಳೀ ವಚ್ಚಿನಾವಾ?” ತಿರುಗಿ ನೋಡದೆ ತೆಲುಗಿನಲ್ಲಿ ಕೇಳಿದಳು. ಆಮೇಲೆ ಕನ್ನಡಕ್ಕೆ ಬಂದಳು. “ಮತ್ತೆ ಬಂದ್ಯಾ? ಊರೂರ ಗಂಡುಗಳ ಗುಣ ವಿಚಾರಿಸ್ತೀಯಂತೆ. ನಿನಗೊಂದು ಸಿಗಲಿಲ್ವಾ?”

ಕಾಯಿ ಆರಿಸುತ್ತಿದ್ದ ಹೆಂಗಸರು ಕಿಸಕ್ಕೆಂದರು.

“ಸಿಕ್ಕಿದ್ದಮ್ಮ. ವಿಚಾರಿಸಿ ನೋಡಿದೆ, ಅದಕ್ಕೇ ಬಿಟ್ಟೆ.”

ಹೆಂಗಸರ ನಗು ಈಗ ಜೋರಾಯಿತು. ಭಾರತಮ್ಮ ನಗಲಿಲ್ಲ. “ಆ ಪಾಪಿ ಪರವಾಗಿ ಬಂದಿದ್ರೆ ಹಾಗೇ ಹೊರಡು. ಕಟ್ಕೊಂಡು ಬಂದ ಮೇಲೆ ಒಂದು ಬಸಿರು ನಿಲ್ಲಲಿಲ್ಲ. ಕೊನೆಗೆ ನನ್ನ ಮಗನ್ನೇ ನುಂಗಿದ್ಲು.”

“ನಿಮ್ಮ ಬಾಣಂತನದ ವಿಷಯ ಮಾತಾಡೋಕೆ ಬಂದೆ.”

ದೋಟಿಯ ತುದಿ ಕೊಂಬೆಯಿಂದ ಜಾರಿತು.

“ನಿಮ್ಮವ್ವ ಮಾಲೂರಿನವರೆಗೆ ಬಂದ್ರಂತೆ. ಒಳಗೆ ಕರೀಲಿಲ್ವಂತೆ ನೀವು.”

ಭಾರತಮ್ಮ ದೋಟಿಯನ್ನು ಮರಕ್ಕೆ ಒರಗಿಸಿದಳು. “ಹೋಗ್ರೇ,” ಎಂದಳು ಹೆಂಗಸರಿಗೆ. “ಆ ಕಡೆ ಸಾಲಲ್ಲಿ ಕಾಯಿ ಬಿದ್ದಿವೆ ನೋಡಿ. ಇಲ್ಲೇನು ಹರಿಕಥೆ ನಡೀತಿದೆಯಾ?”

ಹೆಂಗಸರು ಬುಟ್ಟಿ ಎತ್ತಿಕೊಂಡು ಮರಗಳ ಹಿಂದೆ ಮರೆಯಾದರು.

“ಎರಡು ತೊಟ್ಟು ರಕ್ತ ಕೊಡಿ ಅಮ್ಮ,” ಎಂದಳು ಶ್ರೀವಾಣಿ. “ಅಮರನಾಥನ ಹೃದಯ ನಿಲ್ಲಿಸಿದ್ದು ಹುಟ್ಟಿನಿಂದ ಬಂದ ದೋಷ ಅಂತ ಡಾಕ್ಟರ್ ಹೇಳ್ತಿದ್ದಾರೆ. ಅಪ್ಪನ ಕಡೆಯಿಂದ ಬಂದ ಹಾಗೆ ಕಾಣ್ತಿಲ್ಲ. ನಿಮ್ಮ ರಕ್ತದಲ್ಲಿ ಸಿಕ್ರೆ ಅನಿತ ಸೋಮವಾರ ಹೊರಗೆ ಬರ್ತಾಳೆ.”

“ನನ್ನ ಮಗನ್ನ ಕೊಂದೋಳನ್ನ ಬಿಡಿಸೋಕೆ ನನ್ನ ರಕ್ತ ಕೊಡ್ಲಾ?”

“ಕೊಡೋಕೆ ಭಯ ಯಾಕೆ?”

“ಭಯ ನನಗ್ಯಾಕೆ?”

“ನಿಮ್ಮ ರಕ್ತದಲ್ಲಿ ಅದು ಸಿಗಲ್ಲ ಅಂತ ನಿಮಗೆ ಗೊತ್ತು. ಅದಕ್ಕೆ.”

ಭಾರತಮ್ಮ ನಿಂತಲ್ಲೇ ಒಂದು ಕಾಯಿ ಎತ್ತಿಕೊಂಡಳು. ತೊಟ್ಟಿನಿಂದ ಸೊನೆ ಇಳಿದು ಅಂಗೈಗೆ ಅಂಟುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

“ಈ ಮರ ಯಾವುದು ಗೊತ್ತಾ ನಿನಗೆ?”

“ಬಾದಾಮಿ.”

“ಬುಡ ಕಾಡುಮಾವು. ಮೇಲೆ ಕಸಿ ಕಟ್ಟಿರೋದು. ಹಣ್ಣು ತಿಂದೋರು ಯಾರಾದ್ರೂ ಬುಡ ಯಾವುದು ಅಂತ ಕೇಳ್ತಾರಾ?” ದನಿ ಮೇಲೇರಿತು. “ಹಾಲು ಕೊಟ್ಟಿಲ್ಲ ಅಂತೀಯಾ? ಹಸುವಿನ ಹಾಲು ಬಟ್ಟೇಲಿ ಅದ್ದಿ ಅದ್ದಿ ಚೀಪಿಸಿದ್ದೀನಿ ಕಣೇ! ಜ್ವರ ಬಂದಾಗ ಎದೆ ಮೇಲೆ ಮಲಗಿಸ್ಕೊಂಡಿದ್ದೀನಿ. ನನ್ನ ಮಗ ಅವನು!”

“ಅಲ್ಲ ಅಂದಿಲ್ಲಮ್ಮ ನಾನು.”

ಅಷ್ಟು ಮೆಲ್ಲಗೆ ಹೇಳಿದ್ದರಿಂದಲೋ ಏನೋ, ಭಾರತಮ್ಮ ಕುಸಿದು ಮರದ ಬೇರಿನ ಮೇಲೆ ಕೂತಳು.

“ಬಸಿರು ನಿಲ್ತಿರಲಿಲ್ಲ. ಪ್ರತಿ ಸಲ ಜಾರಿ ಹೋಗೋದು. ಅತ್ತೆ ಇನ್ನೊಂದು ಹೆಣ್ಣು ನೋಡೋಕೆ ಶುರು ಮಾಡಿದ್ರು. ಮಾಲೂರಲ್ಲಿ ಚಿಕ್ಕಗಂಗಮ್ಮ ಅಂತ ಸೂಲಗಿತ್ತಿ ಇದ್ಲು. ಕೊನೇ ಸಲ ಜಾರಿದ್ದು ಅವಳ ಕೈಯಲ್ಲೇ. ‘ಯಾರಿಗೂ ಹೇಳ್ಬೇಡ, ಹೊಟ್ಟೆಗೆ ಬಟ್ಟೆ ಕಟ್ಕೋ’ ಅಂದ್ಲು. ತಿಂಗಳು ತುಂಬಿದಾಗ ಕೂಸನ್ನ ಸೆರಗಲ್ಲಿ ಸುತ್ಕೊಂಡು ತಂದ್ಲು.”

“ಯಾರ ಕೂಸು?”

“ಕೇಳ್ಬೇಡ ಅಂದ್ಲು. ಕೇಳಲಿಲ್ಲ. ಹೆತ್ತೋಳು ಆಗಾಗ್ಗೆ ಕಣ್ಣು ಕತ್ತಲೆ ಬಂದು ಬಿದ್ಬಿಡ್ತಾಳೆ, ಒಲೆ ಮುಂದೇನೂ ಬೀಳ್ತಾಳೆ, ಮಗು ಸಾಕೋಕಾಗಲ್ಲ. ಅಷ್ಟು ಮಾತ್ರ ಹೇಳಿದ್ಲು.”

ಕಣ್ಣು ಕತ್ತಲೆ ಬಂದು ಬೀಳುವ ತಾಯಿ. ನಂದೀಶ್ ಕೇಳಿದ ಇನ್ನೊಬ್ಬ ರಕ್ತಸಂಬಂಧಿ ಅವಳೇ. “ಚಿಕ್ಕಗಂಗಮ್ಮ ಎಲ್ಲಿದ್ದಾಳೆ ಈಗ?”

“ಯಾರಿಗೆ ಗೊತ್ತು? ಮಾಲೂರು ಬಿಟ್ಟ ಮೇಲೆ ಆ ದಿಕ್ಕಿಗೆ ತಲೆ ಹಾಕಿ ಮಲಗಿಲ್ಲ ನಾನು.”

“ನಿಮ್ಮ ಯಜಮಾನರಿಗೆ ಗೊತ್ತಿತ್ತಾ?”

“ಇಲ್ಲ. ಮಗ ಅಂತಾನೇ ಎತ್ತಿ ಆಡಿಸಿ ಸತ್ತರು ಪುಣ್ಯಾತ್ಮರು.”

“ಅನಿತ ವಿಷ ಹಾಕಿದ್ಲು ಅಂತ ನಿಜವಾಗಿ ನಂಬಿದ್ದೀರಾ ನೀವು?”

ಭಾರತಮ್ಮ ಕಾಯಿಯ ತೊಟ್ಟು ತಿರುಚಿದಳು. ಆ ಕಡೆ ಸಾಲಿನಲ್ಲಿ ಯಾರೋ ಯಾರನ್ನೋ ಬಯ್ಯುತ್ತಿದ್ದರು.

“ಆಸ್ಪತ್ರೇಲಿ ಹೆಣ ಮಲಗಿಸಿದ್ರು. ಯಾರೋ ಚಿಕ್ಕ ವಯಸ್ಸಿನ ಡಾಕ್ಟ್ರು ಬಂದು, ‘ನಿಮ್ಮ ವಂಶದಲ್ಲಿ ಯಾರಾದ್ರೂ ಹೀಗೆ ಸತ್ತಿದ್ದಾರಾ, ತಾಯಿ ಯಾರು, ಅವರ ರಕ್ತಾನೂ ನೋಡ್ಬೇಕು’ ಅಂದ. ನಾನೇನು ಹೇಳ್ಲಿ? ಸುತ್ತ ನೆಂಟರೆಲ್ಲ ನಿಂತಿದ್ರು. ಬಾಯಿಗೆ ವಿಷ ಅಂತ ಬಂತು. ಒಂದ್ಸಲ ಬಂದ ಮೇಲೆ...” ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. “ಹೇಳ್ತಾ ಹೇಳ್ತಾ ನನಗೂ ನಿಜ ಅನ್ನಿಸಿಬಿಡ್ತು.”

“ಇದನ್ನ ನ್ಯಾಯಾಧೀಶರ ಮುಂದೆ ಹೇಳ್ತೀರಾ?”

“ಸಾಯ್ತೀನಿ. ಹೇಳಲ್ಲ.”

“ಅವಳು ನಿಮ್ಮ ತಮ್ಮನ ಮಗಳು!”

“ಅದಕ್ಕೇ ತಂದ್ಕೊಂಡೆ!” ಭಾರತಮ್ಮ ಕೂಗಿದಳು. “ಅಮರ ನನ್ನ ಹೊಟ್ಟೇಲಿ ಹುಟ್ಟಲಿಲ್ಲ. ನಮ್ಮ ರಕ್ತದ ಹುಡುಗೀನ ಕಟ್ಟಿದ್ರೆ ಮೊಮ್ಮಕ್ಕಳಾದ್ರೂ ನನ್ನ ತವರಿನ ರಕ್ತ ಆಗ್ತಾವೆ ಅಂತ ಹಠ ಹಿಡಿದು ಸೋದರಿಕೆ ಸಂಬಂಧ ಮಾಡ್ದೆ. ನಿನಗೇನು ಗೊತ್ತು!”

ಶ್ರೀವಾಣಿಯ ಫೋನು ಬಡಿದುಕೊಂಡಿತು. ನಂದೀಶ್.

“ಎಲ್ಲಿದ್ದೀರಿ ಮೇಡಂ? ಅನಿತ ಜೈಲಲ್ಲಿ ಬಿದ್ಬಿಟ್ರು. ಈಗ ನಮ್ಮ ಆಸ್ಪತ್ರೇಲಿದ್ದಾರೆ.”

“ಏನು?” ಅವಳ ಕೂಗಿಗೆ ಭಾರತಮ್ಮನೂ ಎದ್ದು ನಿಂತಳು. ಶ್ರೀವಾಣಿ ಸ್ಪೀಕರ್ ಒತ್ತಿದಳು.

“ಗಾಬರಿ ಬೇಡ, ಬದುಕಿದ್ದಾರೆ. ನಾಡಿ ತೀರಾ ಇಳಿದುಹೋಗಿತ್ತು. ತಾತ್ಕಾಲಿಕ ಪೇಸ್‌ಮೇಕರ್ ಹಾಕಿದ್ದೀವಿ, ಪ್ರಜ್ಞೆ ಬಂದಿದೆ. ಆದ್ರೆ ಕೇಳಿ, ಈ ಸಲ ಪೂರ್ತಿ ಕೇಳಿ. ಫೋನ್ ಇಡ್ಬೇಡಿ.” ನಂದೀಶನ ಮಾತು ಓಡುತ್ತಿತ್ತು. ಅದರಲ್ಲಿ ಗಾಬರಿಗಿಂತ ಉತ್ಸಾಹವೇ ಹೆಚ್ಚಿತ್ತು. “ಡ್ರಿಪ್ ಹಾಕೋಕೆ ಕೈ ಚಾಚಿ ಅಂದೆ. ಮೊಣಕೈ ನೆಟ್ಟಗಾಗ್ತಿಲ್ಲ. ಹಿಮ್ಮಡಿ ಬಿಗಿ. ಹೃದಯದ ಗ್ರಾಫು, ಕಾರ್ಖಾನೆಯೋರು ತೆಗೆಸಿದ್ದ ಅಮರನಾಥನ ಹಳೇ ಗ್ರಾಫಿನ ಪಡಿಯಚ್ಚು.”

“ಸಾರ್, ಗಂಡನ ಜೀನು ಹೆಂಡತಿಗೆ ಅಂಟುತ್ತಾ?”

“ಎಲ್ಲಾದ್ರೂ ಉಂಟಾ? ಇವರು ಬರೀ ಗಂಡ ಹೆಂಡತಿ ಅಲ್ವಲ್ಲ ಮೇಡಂ, ಸೋದರಿಕೆ! ಅಕ್ಕನ ಮಗ, ತಮ್ಮನ ಮಗಳು. ಒಡಕು ಅಕ್ಕ ತಮ್ಮ ಇಬ್ಬರಲ್ಲೂ ಇದ್ದಿರಬೇಕು. ಭಾರತಮ್ಮನಿಂದ ಅಮರನಾಥನಿಗೆ, ನರಸಿಂಹಪ್ಪನಿಂದ ಅನಿತಳಿಗೆ. ನಾವು ಹುಡುಕ್ತಿದ್ದ ಇನ್ನೊಬ್ಬ ರಕ್ತಸಂಬಂಧಿ ಜೈಲಲ್ಲೇ ಕೂತಿದ್ರು! ಭಾರತಮ್ಮ ಕೊಡದಿದ್ರೆ ಕತ್ತೆ ಬಾಲ. ಮಗಳದ್ದು, ಅಪ್ಪನದ್ದು ಎರಡೂ ರಕ್ತ ಇವತ್ತೇ ಕಳಿಸ್ತೀನಿ. ಕೇಸು ಮುಗೀತು ಅಂದ್ಕೊಳ್ಳಿ.”



ಶ್ರೀವಾಣಿ ಭಾರತಮ್ಮನ ಮುಖ ನೋಡಿದಳು. ಆ ಮುಖದಲ್ಲಿ ಲೆಕ್ಕ ಆಗಲೇ ನಡೆದು ಮುಗಿದಿತ್ತು.

“ನರಸಿಂಹಪ್ಪನ ಹೆಂಡತಿ,” ಎಂದಳು ಭಾರತಮ್ಮ. “ಸತ್ತುಹೋದಳಲ್ಲ ನನ್ನ ನಾದಿನಿ, ಅವಳಿಗೂ ನಿಲ್ತಿರಲಿಲ್ಲ. ನಾವು ಆಗ್ಲೇ ಈ ಊರಿಗೆ ಬಂದಿದ್ವಿ. ಮತ್ತೆ ಬಸುರಿಯಾದಾಗ ನಾನೇ ಗುರುತು ಹೇಳಿ ಕಳಿಸಿದೆ. ಚಿಕ್ಕಗಂಗಮ್ಮನ ಕೈಗುಣ ಒಳ್ಳೇದು, ನನ್ನ ಅಮರನ್ನ ನೋಡು ಅಂದೆ. ತುಂಬಿದ ಬಸುರಿ ಹೋದ್ಲು, ಕೂಸು ಎತ್ಕೊಂಡು ಬಂದ್ಲು.”

“ನೀವು ಕೇಳಲಿಲ್ವಾ?”

“ಏನಂತ ಕೇಳ್ಲಿ? ಕೇಳಿದ್ರೆ ಅವಳು ನನ್ನ ಕೇಳ್ತಿದ್ಲು.”

ಶ್ರೀವಾಣಿ ವರ್ಷಗಟ್ಟಲೆ ಎಷ್ಟೋ ಮನೆಗಳಿಗೆ ವರಸೆ ನೋಡಿಕೊಟ್ಟಿದ್ದಳು. ಅಣ್ಣ ತಂಗಿ ವರಸೆಯಾಗುತ್ತದೆ ಎಂದು ಮೂರು ತಲೆಮಾರಿನ ಹಿಂದಿನ ಸಂಬಂಧ ಹುಡುಕಿ ಮದುವೆ ನಿಲ್ಲಿಸಿದ್ದಳು. ಇಲ್ಲಿ ಊರೆಲ್ಲ ಸೇರಿ, ಇದಕ್ಕಿಂತ ಸರಿಯಾದ ಸಂಬಂಧವಿಲ್ಲ ಎಂದು ಅಕ್ಷತೆ ಹಾಕಿತ್ತು. ಅನಿತಳನ್ನು ಬಿಡಿಸಲು ಈಗ ಒಂದೇ ದಾರಿ: ಸತ್ತ ಗಂಡನೂ ನೀನೂ ಒಂದೇ ತಾಯಿಯ ರಕ್ತ ಎಂದು ತುಂಬಿದ ಕೋರ್ಟ್‌ನಲ್ಲಿ ತೋರಿಸುವುದು.

“ಮೇಡಂ? ಇದ್ದೀರಾ?” ಫೋನಿನಲ್ಲಿ ನಂದೀಶ್. “ನರಸಿಂಹಪ್ಪ ಪಕ್ಕದಲ್ಲೇ ಇದ್ದಾರೆ. ಅಂಗಿ ತೋಳು ಮಡಚಿ ಕೂತುಬಿಟ್ಟಿದ್ದಾರೆ. ಸೂಜಿ ಹಾಕ್ಲಾ? ನಿಮ್ಮ ಲಾಯರು ನಿಮ್ಮನ್ನ ಒಂದು ಮಾತು ಕೇಳಿ ಅಂದ್ರು.”

ಭಾರತಮ್ಮ ಅವಳ ಮಣಿಕಟ್ಟು ಹಿಡಿದಳು. ಸೊನೆ ಅಂಟಿದ ಬೆರಳು ಬಿಡಿಸಿಕೊಳ್ಳಲಾಗದಷ್ಟು ಬಿಗಿಯಾಗಿತ್ತು.

“ಬೇಡ ಅನ್ನು,” ಎಂದು ಪಿಸುಗುಟ್ಟಿದಳು. “ದೂರು ವಾಪಸ್ ತಗೋತೀನಿ. ಸುಳ್ಳು ಹೇಳ್ದೆ ಅಂತ ಬರ್ಕೊಡ್ತೀನಿ. ಅವನ ರಕ್ತ ಮಾತ್ರ ತಗೋಬೇಡಿ ಅನ್ನು. ಅವನದ್ರಲ್ಲಿ ಆ ದೋಷ ಸಿಗಲ್ಲ. ಅನಿತಳಿಗೆ ಗೊತ್ತಾಗಬಾರದು.”

“ಕೊಲೆ ಕೇಸಮ್ಮ. ನೀವು ಬಿಟ್ರೂ ಸರ್ಕಾರ ಬಿಡಲ್ಲ.”

“ನಿನ್ನ ಕಾಲಿಗೆ ಬೀಳ್ತೀನಿ ಕಣಮ್ಮಾ!”

“ಹಲೋ? ಮೇಡಂ, ಏನಂತೀರಿ?”

ಶ್ರೀವಾಣಿ ಬಾಯಿ ತೆರೆದಳು. ಮಾತು ಬರುವ ಮುಂಚೆ, ಫೋನಿನ ಆ ಕಡೆಯಿಂದ ನರಸಿಂಹಪ್ಪನ ದನಿ ಕೇಳಿಸಿತು. ಮಗಳ ಹಾಸಿಗೆಯ ಪಕ್ಕದಲ್ಲೇ ಕೂತು, ಅವಳಿಗೂ ಕೇಳಲಿ ಎಂಬಂತೆ ಜೋರಾಗಿ ಹೇಳುತ್ತಿದ್ದ.

“ಅವಳನ್ನೇನ್ರೀ ಕೇಳೋದು ಡಾಕ್ಟ್ರೇ? ನನ್ನ ಮಗಳು, ನನ್ನ ರಕ್ತ. ಚುಚ್ಚಿ.”